ಬೆಳಕು ಮೊದಲು ತಕ್ಕಡಿಯ ಮೇಲೆ ಬೀಳಲಿ



ನಮ್ಮ ಸಂಘದ ಕಳೆದ ಆಡಳಿತ ಮಂಡಲಿ ಸಭೆಯ ಕಾರ್ಯಸೂಚಿಯಲ್ಲಿ ಆರನೆಯ ವಿಷಯವಾಗಿ ಒಂದು ಪ್ರಸ್ತಾಪವಿತ್ತು. ಕಚೇರಿಯಲ್ಲಿಯೂ ಸಭಾಭವನದಲ್ಲಿಯೂ ಇರುವ ಹಳೆಯ ಟ್ಯೂಬ್‌ಲೈಟುಗಳನ್ನೆಲ್ಲ ತೆಗೆದು ಎಲ್‌ಇಡಿ ದೀಪಗಳನ್ನು ಹಾಕಿಸುವುದು. ಅವುಗಳ ಜೊತೆಗೆ, ಜನ ಬಂದರೆ ತಾವಾಗಿಯೇ ಹೊತ್ತಿಕೊಳ್ಳುವ, ಜನ ಹೋದರೆ ತಾವಾಗಿಯೇ ಆರುವ, ಬಿಸಿಲು ಏರಿದಂತೆ ಮಂದವಾಗುವ, ಮೊಬೈಲಿನಿಂದ ಹತೋಟಿ ಮಾಡಬಹುದಾದ 'ಸ್ಮಾರ್ಟ್' ನಿಯಂತ್ರಣ ವ್ಯವಸ್ಥೆಯನ್ನು ಅಳವಡಿಸುವುದು. ಮಾರಾಟಕ್ಕೆ ಬಂದವರು ಬಣ್ಣದ ಪುಸ್ತಕ ತಂದಿದ್ದರು. ಬೆಂಗಳೂರಿನ ಗಾಜಿನ ಕಟ್ಟಡಗಳ ಚಿತ್ರಗಳಿದ್ದವು. ನಿರ್ದೇಶಕರಲ್ಲಿ ಅರ್ಧ ಮಂದಿ ಅಂದೇ ಮಂಜೂರು ಮಾಡೋಣವೆಂದರು. ಉಳಿದ ಅರ್ಧ ಮಂದಿ ಇದೆಲ್ಲ ದುಂದು, ಇರುವ ಟ್ಯೂಬುಗಳೇ ಸಾಕೆಂದರು. ವಿಷಯ ಮುಂದಿನ ಸಭೆಗೆ ಹೋಯಿತು.

ಎರಡು ಪಕ್ಷದವರೂ ಅರ್ಧ ಸರಿ, ಅರ್ಧ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಸದಸ್ಯರ ಷೇರು ಹಣದಿಂದ ನಡೆಯುವ ಎಲ್ಲ ಸಂಘಗಳಿಗೂ ಇಂತಹ ಪುಸ್ತಕ ಹಿಡಿದವರು ಈಗ ಬರುತ್ತಿರುವುದರಿಂದ, ನಮಗೆ ತಿಳಿದಷ್ಟನ್ನು ಲೆಕ್ಕಸಹಿತ ಇಲ್ಲಿ ಮುಂದಿಡುತ್ತೇವೆ.

ಈ ಪತ್ರಿಕೆಯನ್ನು ಓದುವ ಮಲೆನಾಡಿನ ಕಾಫಿ ಬೆಳೆಗಾರರಿಗೆ ನಮ್ಮ ಸೀಮೆಯ ಪರಿಚಯ ಕಡಮೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಜೋಳ, ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಹಡಗಲಿಯ ಮಲ್ಲಿಗೆ, ಇವು ನಮ್ಮ ಹೆಸರುವಾಸಿ ಬೆಳೆಗಳು. ಕಾಫಿ ನಮ್ಮಲ್ಲಿ ಲೋಟದಲ್ಲಿ ಮಾತ್ರ. ಆದರೆ ತುಂಗಭದ್ರೆಯ ದಂಡೆಯಲ್ಲಿಯೂ ಕೊಳವೆಬಾವಿಗಳ ಆಸರೆಯಲ್ಲಿಯೂ ಅಡಿಕೆ ಮೇಲಕ್ಕೆದ್ದಿದೆ. ಅರ್ಧ ಎಕರೆ, ಒಂದೆಕರೆ, ಎರಡೆಕರೆಯವರೇ ನಮ್ಮಲ್ಲಿ ಹೆಚ್ಚು. ಇಂತಹವರ ಸಂಘದ ಒಂದು ರೂಪಾಯಿಯನ್ನು ಖರ್ಚು ಮಾಡುವಾಗಲೂ ಕಾರ್ಯದರ್ಶಿಯ ಕೈ ನಡುಗಬೇಕು.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಎಲ್‌ಇಡಿ ದೀಪ ಗುಲ್ಲಲ್ಲ, ನಿಜವಾದ ಲಾಭ. ಹಳೆಯ ತಂತಿಯ ಬಲ್ಬು ತಾನು ತಿಂದ ವಿದ್ಯುಚ್ಛಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಬಿಸಿಯಾಗಿ ಕಳೆಯುತ್ತಿತ್ತು. ಅದು ದೀಪಕ್ಕಿಂತ ಹೆಚ್ಚಾಗಿ ಒಲೆ. ಎಲ್‌ಇಡಿಯಲ್ಲಿ ಕಾಯುವ ತಂತಿಯಿಲ್ಲ; ಅರೆವಾಹಕದ ಚಿಕ್ಕ ಹರಳಿನಲ್ಲಿ ವಿದ್ಯುತ್ತು ಹರಿದಾಗ ಬೆಳಕೇ ಹೊರಡುತ್ತದೆ. ಕೆಂಪು ಎಲ್‌ಇಡಿ 1962ರಲ್ಲಿಯೇ ಬಂದಿತ್ತು. ಆದರೆ ಮನೆಗೆ ಬೇಕಾದ ಬಿಳಿ ಬೆಳಕಿಗೆ ನೀಲಿ ಎಲ್‌ಇಡಿ ಬೇಕಾಗಿತ್ತು. ಅದನ್ನು ಸಾಧಿಸಿದ ಜಪಾನಿ ಮೂಲದ ಮೂವರು ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ ಮತ್ತು ನಾಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ಹಿಂದಿನ 60 ವ್ಯಾಟಿನ ಬಲ್ಬಿಗೆ ಸರಿಗಟ್ಟುವ ಬೆಳಕನ್ನು ಇಂದು 9 ವ್ಯಾಟಿನ ಎಲ್‌ಇಡಿ ಕೊಡುತ್ತಿದೆ.

ನಮ್ಮ ದೇಶದಲ್ಲಿ ಇದು ಬಡವನ ಮನೆಗೂ ಬಂದ ಬಗೆಯನ್ನು ಸಹಕಾರಿಗಳಾದ ನಾವು ವಿಶೇಷವಾಗಿ ಗಮನಿಸಬೇಕು. ಕೇಂದ್ರದ ಇಇಎಸ್‌ಎಲ್ ಸಂಸ್ಥೆ 2014ರ ಆರಂಭದಲ್ಲಿ ಸಗಟಾಗಿ ಕೊಂಡಾಗ ಒಂದು ಎಲ್‌ಇಡಿ ಬಲ್ಬಿಗೆ 310 ರೂಪಾಯಿ ಬಿದ್ದಿತ್ತು. 2015ರ ಜನವರಿ 5ರಂದು ಉಜಾಲಾ ಯೋಜನೆ ಆರಂಭವಾಯಿತು. ಅಂದು ಪ್ರಧಾನಮಂತ್ರಿಗಳು ದೆಹಲಿಯ ಸೌತ್ ಬ್ಲಾಕ್ ಕಚೇರಿಯಲ್ಲಿ ತಾವೇ ಒಂದು ಬಲ್ಬನ್ನು ಬದಲಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಅದು ಬಂತು. ಕೋಟಿಗಟ್ಟಲೆ ಬಲ್ಬುಗಳ ಬೇಡಿಕೆಯನ್ನು ಒಟ್ಟುಗೂಡಿಸಿ ಟೆಂಡರು ಕರೆದ ಪರಿಣಾಮವಾಗಿ, 2016ರ ಹೊತ್ತಿಗೆ ಅದೇ ಸಂಸ್ಥೆಗೆ ಒಂದು ಬಲ್ಬು 38 ರೂಪಾಯಿಗೆ ದೊರೆಯಿತು. ಎರಡು ವರ್ಷದಲ್ಲಿ ಎಂಟರಲ್ಲಿ ಒಂದು ಪಾಲು ಬೆಲೆ! ವಿಜ್ಞಾನದ ಜೊತೆಗೆ ಒಟ್ಟಾಗಿ ಕೊಳ್ಳುವ ಶಕ್ತಿಯೂ ಇಲ್ಲಿ ಕೆಲಸಮಾಡಿದೆ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ಕಚೇರಿ, ಸಭಾಭವನ ಸೇರಿ 40 ಟ್ಯೂಬುಗಳಿವೆ. ಟ್ಯೂಬಿನ ಮೇಲೆ 36 ವ್ಯಾಟ್ ಎಂದು ಬರೆದಿದ್ದರೂ ಹಳೆಯ ತಾಮ್ರದ ಚೋಕು ಹತ್ತು ಹನ್ನೆರಡು ವ್ಯಾಟಿಗೆ ಮೇಲ್ಪಟ್ಟು ತಿನ್ನುವುದರಿಂದ ಒಂದಕ್ಕೆ 50 ವ್ಯಾಟ್ ಹಿಡಿಯಬೇಕು. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಉರಿದರೆ 4,800 ಯೂನಿಟ್ ಆಗುತ್ತದೆ. ಅದೇ ಜಾಗದಲ್ಲಿ 20 ವ್ಯಾಟಿನ ಎಲ್‌ಇಡಿ ಪಟ್ಟಿ ಹಾಕಿದರೆ 1,920 ಯೂನಿಟ್. ಉಳಿತಾಯ 2,880 ಯೂನಿಟ್. ಲೆಕ್ಕಕ್ಕೆ ಯೂನಿಟ್ಟಿಗೆ 8 ರೂಪಾಯಿ ಹಿಡಿಯೋಣ. ನಿಮ್ಮ ನಿಮ್ಮ ಬಿಲ್ಲಿನ ದರವನ್ನು ನೀವು ಹಾಕಿಕೊಳ್ಳಿರಿ. ವರ್ಷಕ್ಕೆ 23,040 ರೂಪಾಯಿ ಉಳಿಯಿತು. ಒಳ್ಳೆಯ ದರ್ಜೆಯ ಪಟ್ಟಿಗೆ 400 ರೂಪಾಯಿಯಂತೆ 40ಕ್ಕೆ 16,000 ರೂಪಾಯಿ. ಹಾಕಿದ ಬಂಡವಾಳ ಒಂಬತ್ತು ತಿಂಗಳೊಳಗೆ ವಾಪಸು! ಅಡಿಕೆ ಸಸಿಯಾದರೆ ಐದಾರು ವರ್ಷ ಕಾಯಬೇಕು. ಇಷ್ಟು ಬೇಗ ಫಲ ಕೊಡುವ ಗಿಡವನ್ನು ನೆಡುವುದಿಲ್ಲ ಎನ್ನುವುದು ಜಾಣತನವಲ್ಲ. ಗೃಹಜ್ಯೋತಿ ಯೋಜನೆ 2023ರ ಆಗಸ್ಟಿನಲ್ಲಿ ಆರಂಭವಾದ ಮೇಲೆ ಮನೆಯ ವಿದ್ಯುತ್ ಬಿಲ್ಲನ್ನು ನೋಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ತಪ್ಪಿದೆ. ಆದರೆ ಆ ಯೋಜನೆ ಮನೆಗಳಿಗೆ ಮಾತ್ರ. ಸಂಘದ ಕಚೇರಿಗೆ ಅನ್ವಯಿಸುವುದಿಲ್ಲ. ಇಲ್ಲಿ ಉರಿದ ಪ್ರತಿಯೊಂದು ಯೂನಿಟ್ಟೂ ಸದಸ್ಯನ ಲಾಭಾಂಶದಿಂದಲೇ ಹೋಗುತ್ತದೆ.

ಇನ್ನೊಂದು ಕಾರಣವೂ ಉಂಟು. ಟ್ಯೂಬಿನೊಳಗೆ ಪಾದರಸವಿದೆ. 2023ರಲ್ಲಿ ಜಿನೀವಾದಲ್ಲಿ ಸೇರಿದ ಮಿನಮಾಟ ಒಪ್ಪಂದದ ರಾಷ್ಟ್ರಗಳು 2027ರ ಅಂತ್ಯದ ಹೊತ್ತಿಗೆ ಇಂತಹ ಪಾದರಸದ ಟ್ಯೂಬುಗಳ ತಯಾರಿಕೆಯನ್ನೂ ಆಮದು ರಫ್ತನ್ನೂ ನಿಲ್ಲಿಸಲು ಒಪ್ಪಿವೆ. ನಮ್ಮ ದೇಶವೂ ಆ ಒಪ್ಪಂದದಲ್ಲಿದೆ. 'ಇರುವ ಟ್ಯೂಬೇ ಸಾಕು' ಎನ್ನುವ ನಿರ್ದೇಶಕ ಮಿತ್ರರು ಇದನ್ನು ಯೋಚಿಸಬೇಕು. ತೆಗೆದ ಟ್ಯೂಬುಗಳನ್ನು ಕಚೇರಿಯ ಹಿಂದಿನ ತಿಪ್ಪೆಗೆ ಎಸೆದು ಒಡೆಯಬಾರದೆಂಬ ಎಚ್ಚರವೂ ಇರಲಿ. ಅದೇ ತಿಪ್ಪೆಯ ಗೊಬ್ಬರ ತೋಟಕ್ಕೆ ಹೋಗುತ್ತದೆ.

ಹಾಗಾದರೆ ಸ್ಮಾರ್ಟ್ ನಿಯಂತ್ರಣದ ಸಂಗತಿಯೇನು? ಬಣ್ಣದ ಪುಸ್ತಕದಲ್ಲಿ 'ನೂರಕ್ಕೆ ನಲವತ್ತು ಉಳಿತಾಯ' ಎಂದು ದಪ್ಪಕ್ಷರದಲ್ಲಿತ್ತು. ಆಗಲಿ, ಒಪ್ಪಿಕೊಳ್ಳೋಣ. ಆದರೆ ಯಾವುದರ ನಲವತ್ತು? ಎಲ್‌ಇಡಿ ಹಾಕಿದ ಮೇಲೆ ಉಳಿದಿರುವ ಖರ್ಚೇ 1,920 ಯೂನಿಟ್. ಅದರಲ್ಲಿ ನೂರಕ್ಕೆ ನಲವತ್ತೆಂದರೆ 768 ಯೂನಿಟ್. ಈ ನಿಯಂತ್ರಣದ ಪೆಟ್ಟಿಗೆಗಳು ಹಗಲೂ ಇರುಳೂ ಆಜ್ಞೆಗಾಗಿ ಕಾದು ಕುಳಿತಿರುತ್ತವೆ. ಕಾಯುವುದಕ್ಕೂ ವಿದ್ಯುತ್ತು ಬೇಕು. ದೀಪವೊಂದಕ್ಕೆ ಅರ್ಧ ವ್ಯಾಟ್ ಎಂದರೂ 40 ದೀಪಕ್ಕೆ ವರ್ಷಕ್ಕೆ 175 ಯೂನಿಟ್ ಹೋಯಿತು. ನಿಂತದ್ದು 593 ಯೂನಿಟ್, ರೂಪಾಯಿಯಲ್ಲಿ 4,744. ಅದಕ್ಕೆ ಕೇಳುತ್ತಿರುವ ಬೆಲೆ ಒಂದೂವರೆ ಲಕ್ಷ. ವಾಪಸು ಬರಲು ಮೂವತ್ತು ವರ್ಷಕ್ಕೂ ಮಿಕ್ಕಿ ಬೇಕು. ಅಷ್ಟು ವರ್ಷ ಬಾಳುವ ವಿದ್ಯುನ್ಮಾನ ಪೆಟ್ಟಿಗೆಯನ್ನು ನಾವಂತೂ ಕಂಡಿಲ್ಲ. ಅಷ್ಟರಲ್ಲಿ ಮೊಬೈಲು ಎಷ್ಟು ಸಲ ಬದಲಾಗಿರುತ್ತದೆಯೋ, ಆ ಮಾರಾಟಗಾರರು ಎಲ್ಲಿರುತ್ತಾರೆಯೋ!

ಇದರರ್ಥ ಆ ವ್ಯವಸ್ಥೆಯೇ ಮೋಸವೆಂದಲ್ಲ. ಹತ್ತು ಅಂತಸ್ತಿನ ಕಟ್ಟಡದಲ್ಲಿ ಸಾವಿರಾರು ದೀಪಗಳು ಬೆಳಗಿನಿಂದ ಮಧ್ಯರಾತ್ರಿಯವರೆಗೆ ಉರಿಯುವ ಕಡೆ, ಯಾರು ಎಲ್ಲಿ ಕುಳಿತಿದ್ದಾರೆಂದು ಯಾರಿಗೂ ತಿಳಿಯದ ಕಡೆ, ಅದು ಸಾರ್ಥಕ. ಊರಿನ ಬೀದಿದೀಪಗಳನ್ನು ಹಾಡಹಗಲು ಉರಿಯದಂತೆ ಒಂದೆಡೆಯಿಂದ ಹತೋಟಿ ಮಾಡುವುದೂ ಸಾರ್ಥಕವೇ. ಆದರೆ ನಮ್ಮ ಕಚೇರಿಯಲ್ಲಿ ಆರು ಜನ ನೌಕರರು. ಗುಮಾಸ್ತರು ಊಟಕ್ಕೆ ಎದ್ದರೆ ಇಡೀ ಕಚೇರಿಗೇ ಗೊತ್ತಾಗುತ್ತದೆ. ಅಲ್ಲಿ ಬೇಕಾದದ್ದು ಸಂವೇದಕವಲ್ಲ, ಸ್ವಿಚ್ಚಿನ ಮೇಲೆ ಕೈಯಿಡುವ ಸಂಕೋಚವಿಲ್ಲದ ಸ್ವಭಾವ. ಎಂ.ಎ. ಓದಿದವರು ಸ್ವಿಚ್ಚು ಆರಿಸಿದರೆ ಮರ್ಯಾದೆ ಹೋಗುತ್ತದೆಂಬ ಭಾವನೆ ನಮ್ಮ ಕಚೇರಿಗಳಲ್ಲಿ ಇನ್ನೂ ಇದೆ. ಈ ರೋಗಕ್ಕೆ ಒಂದೂವರೆ ಲಕ್ಷದ ಔಷಧ ಬೇಡ.

ನಮ್ಮ ಕಚೇರಿಯ ತಂತಿ ಜೋಡಣೆಯನ್ನೇ ನೋಡಿರಿ. ಹನ್ನೆರಡು ದೀಪಕ್ಕೆ ಒಂದೇ ಸ್ವಿಚ್ಚು. ಕಿಟಕಿಯ ಪಕ್ಕದ ಮೇಜಿಗೆ ಬಿಸಿಲು ಬೀಳುತ್ತಿದ್ದರೂ, ಒಳಗಿನ ಕಪಾಟಿನ ಬಳಿ ಕತ್ತಲೆಯೆಂದು ಹನ್ನೆರಡೂ ಉರಿಯಬೇಕು. ನಮ್ಮ ಸೀಮೆಯಲ್ಲಿ ದೇವರು ಮಳೆಯಲ್ಲಿ ಕೈಬಿಗಿ ಹಿಡಿದಿರಬಹುದು, ಬಿಸಿಲಿನಲ್ಲಿ ಹಿಡಿದಿಲ್ಲ. ಅದನ್ನು ಪರದೆ ಎಳೆದು ಹೊರಗಿಟ್ಟು, ಒಳಗೆ ದೀಪ ಹೊತ್ತಿಸಿ, ಆಮೇಲೆ ಆ ದೀಪವನ್ನು ಮಂದಮಾಡಲು ಯಂತ್ರ ಕೊಳ್ಳುವುದು ಯಾವ ನ್ಯಾಯ? ಕಿಟಕಿಯ ಸಾಲಿಗೆ ಒಂದು ಸ್ವಿಚ್ಚು, ನಡುಸಾಲಿಗೆ ಒಂದು, ಒಳಸಾಲಿಗೆ ಒಂದು ಎಂದು ಬೇರೆಬೇರೆ ಮಾಡಿಸಿದರೆ ಸ್ಥಳೀಯ ಎಲೆಕ್ಟ್ರಿಷಿಯನ್ನರ ಎರಡು ದಿನದ ಕೆಲಸ. ಶೌಚಾಲಯ, ಓಣಿ, ಹಳೆಯ ಕಡತದ ಕೋಣೆ, ಇಂತಹ ಜನ ಬಂದು ಹೋಗುವ ಐದಾರು ಕಡೆ ಮಾತ್ರ ಕೆಲವು ನೂರು ರೂಪಾಯಿಯ ಚಲನೆ ಗ್ರಹಿಸುವ ಸ್ವಿಚ್ಚು ಹಾಕಿಸಲಿ. ಅಂಗಳದ ದೀಪಕ್ಕೆ ಸಂಜೆ ಕತ್ತಲಾದಾಗ ಹೊತ್ತಿ ಬೆಳಗಾದಾಗ ಆರುವ ಬೆಳಕಿನ ಕಣ್ಣು ಇರಲಿ. ನಮಗೆ ಇಷ್ಟು 'ಸ್ಮಾರ್ಟ್' ಸಾಕು.

ಉಳಿದ ಹಣವನ್ನು ಎಲ್ಲಿ ಹಾಕಬೇಕೆಂದರೆ, ತಲೆಯ ಮೇಲೆ ನೋಡಿರಿ. ನಮ್ಮ ಬೇಸಗೆಯಲ್ಲಿ ದೀಪವಿಲ್ಲದೆ ಇರಬಹುದು, ಫ್ಯಾನಿಲ್ಲದೆ ಇರಲಾಗದು. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್ ತಿನ್ನುತ್ತದೆ. ಹೊಸ ಬಿಎಲ್‌ಡಿಸಿ ಮೋಟರಿನದು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ನಮ್ಮ 20 ಫ್ಯಾನುಗಳಿಗೆ ಅದೇ ಎಂಟು ಗಂಟೆ, ಮುನ್ನೂರು ದಿನದ ಲೆಕ್ಕ ಹಾಕಿದರೆ 2,160 ಯೂನಿಟ್, ಅಂದರೆ 17,280 ರೂಪಾಯಿ ಉಳಿಯುತ್ತದೆ. ಒಂದಕ್ಕೆ 3,000ದಂತೆ 60,000 ರೂಪಾಯಿ ಹಾಕಿದರೆ ಮೂರೂವರೆ ವರ್ಷದಲ್ಲಿ ವಾಪಸು. ಮೂವತ್ತು ವರ್ಷದ ಬಾಬತ್ತಿಗೆ ಚಿತ್ರಪುಸ್ತಕ ಬರುತ್ತದೆ, ಮೂರೂವರೆ ವರ್ಷದ ಬಾಬತ್ತಿನ ಮಾತೇ ಯಾರೂ ಎತ್ತುವುದಿಲ್ಲ! ಮಾರುವವರು ತಮಗೆ ಲಾಭವಿರುವುದನ್ನು ಹೇಳುತ್ತಾರೆ, ಅದು ಅವರ ಧರ್ಮ. ಲೆಕ್ಕ ಹಾಕಿ ನೋಡುವುದು ಕೊಳ್ಳುವವರ ಧರ್ಮ.

ಇಲ್ಲಿಯವರೆಗೆ ಹೇಳಿದ್ದು ಯೂನಿಟ್ಟು, ರೂಪಾಯಿಗಳ ಮಾತು. ಇದಕ್ಕಿಂತ ದೊಡ್ಡ ಮಾತೊಂದಿದೆ. ಅದನ್ನು ಹೇಳಬೇಕಾದರೆ ನಮ್ಮದೇ ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಎರಡು ವರ್ಷದ ಹಿಂದೆ ನಾವು ಅಡಿಕೆ ವಿಂಗಡಣೆಯ ಷೆಡ್ಡಿನ ಎಂಟು ಟ್ಯೂಬುಗಳನ್ನು ತೆಗೆಸಿ ಎಲ್‌ಇಡಿ ಹಾಕಿಸಿದೆವು. ಯಾವುದು ಅಗ್ಗವೋ ಅದನ್ನು ತಂದೆವು. ಹೊತ್ತಿಸಿದಾಗ ಷೆಡ್ಡೆಲ್ಲ ನೀಲಿಗೆ ತಿರುಗಿದ ಬಿಳಿ ಬೆಳಕು ಝಗಝಗಿಸಿತು. ಎಲ್ಲರೂ ಭೇಷ್ ಎಂದರು. ಆ ಸುಗ್ಗಿಯಲ್ಲಿ ಎರಡೆಕರೆ ತೋಟದ ಸದಸ್ಯರೊಬ್ಬರ ನಾಲ್ಕು ಕ್ವಿಂಟಲ್ ಕೆಂಪಡಿಕೆ ಸಂಜೆಯ ನಂತರ ವಿಂಗಡಣೆಗೆ ಬಂತು. ನಮ್ಮ ಅನುಭವಸ್ಥ ಕೈಗಳೇ ಆರಿಸಿ 'ರಾಶಿ' ಎಂದು ಚೀಲ ಹೊಲಿದವು. ಮರುದಿನ ಮಾರುಕಟ್ಟೆಯಲ್ಲಿ ಖರೀದಿದಾರರು ಚೀಲ ಬಿಚ್ಚಿ ಹೊರಗಿನ ಬಿಸಿಲಿನಲ್ಲಿ ಸುರಿದಾಗ, ಬಣ್ಣಗೆಟ್ಟ ಕಾಯಿಯೂ ಗೊರಬಲೂ ನಡುನಡುವೆ ಎದ್ದು ಕಂಡವು. ಕ್ವಿಂಟಲಿಗೆ ಎರಡು ಸಾವಿರ ರೂಪಾಯಿ ಇಳಿಸಿದರು. ಒಂದೇ ರಾತ್ರಿಯ ವಿಂಗಡಣೆಯಲ್ಲಿ ಎಂಟು ಸಾವಿರ ರೂಪಾಯಿ ಹೋಯಿತು. ಆ ಎಂಟು ದೀಪಗಳಿಂದ ವರ್ಷವಿಡೀ ನಮಗಾಗುವ ಉಳಿತಾಯ ನಾಲ್ಕೂವರೆ ಸಾವಿರದ ಆಸುಪಾಸು! ಸಂಘ ಅರ್ಧ ನಷ್ಟವನ್ನು ಭರಿಸಿತು. ಉಳಿದರ್ಧ ಆ ರೈತರ ಮೈಮೇಲೆಯೇ ಬಿತ್ತು. ಅವರು ಜಗಳವಾಡಲಿಲ್ಲ. 'ದೀಪ ಚೆನ್ನಾಗಿತ್ತಲ್ಲ ಸೆಕ್ರೆಟರಿಗಳೇ' ಎಂದಷ್ಟೇ ಹೇಳಿ ಹೋದರು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ವಿಂಗಡಿಸಿದವರ ತಪ್ಪೇನೂ ಇರಲಿಲ್ಲ. ದೀಪದ ಗುಣ ಹಾಗಿತ್ತು. ಬೆಳಕಿಗೆ ಪ್ರಮಾಣ ಮಾತ್ರವಲ್ಲ, ಗುಣವೂ ಉಂಟು. ವಸ್ತುವಿನ ನಿಜವಾದ ಬಣ್ಣವನ್ನು ದೀಪ ಎಷ್ಟರಮಟ್ಟಿಗೆ ತೋರಿಸುತ್ತದೆಂಬುದಕ್ಕೆ ಸಿ.ಆರ್.ಐ. ಎಂಬ ಅಂಕವಿದೆ; ಅದರ ಗರಿಷ್ಠ 100. ಅಗ್ಗದ ಎಲ್‌ಇಡಿಯಲ್ಲಿ ನೀಲಿ ಹೆಚ್ಚು, ಕೆಂಪು ಬಹಳ ಕಡಮೆ. ದೀಪದಲ್ಲಿಯೇ ಕೆಂಪಿಲ್ಲವೆಂದ ಮೇಲೆ ಅಡಿಕೆಯ ಕೆಂಪು ಕಾಣುವುದೆಲ್ಲಿಂದ? ಚೊಗರು ಹಿಡಿದ ಒಳ್ಳೆಯ ಕಾಯಿಯೂ, ಬಣ್ಣಗೆಟ್ಟ ಕಾಯಿಯೂ ಒಂದೇ ಕಂದಾಗಿ ಕಾಣುತ್ತವೆ. ಕಚೇರಿಗೆ, ಓಣಿಗೆ 80 ಅಂಕದ ದೀಪ ಸಾಕು. ಆದರೆ ಬಣ್ಣ ನೋಡಿ ಬೆಲೆ ಕಟ್ಟುವ ಮೇಜಿನ ಮೇಲೆ 90ಕ್ಕೆ ಕಡಮೆಯಿಲ್ಲದ ದೀಪವೇ ಬೇಕು. ಕಾಫಿ ಬೀಜದಲ್ಲಿ ಕಪ್ಪು ಬೀಜ, ಕಂದಿದ ಬೀಜ ಆರಿಸುವ ಮಲೆನಾಡಿನ ಬಂಧುಗಳಿಗೂ ಈ ಮಾತು ಸಲ್ಲುತ್ತದೆ. ಈ ಅಂಕ ಪೆಟ್ಟಿಗೆಯ ಬದಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಇಲ್ಲದಿದ್ದರೆ ಕೇಳಬೇಕು, ಹೇಳದಿದ್ದರೆ ಕೊಳ್ಳಬಾರದು.

ಸುಲಿಯುವ ಷೆಡ್ಡಿನ ಮಾತನ್ನೂ ಹೇಳಬೇಕು. ಸುಗ್ಗಿಯ ಇರುಳುಗಳಲ್ಲಿ ಹೆಣ್ಣುಮಕ್ಕಳು ಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಾರೆ. ಸಂಘದ ಅಧ್ಯಕ್ಷರ ಕೋಣೆಯಲ್ಲಿ ನಾಲ್ಕು ದೀಪವಿದ್ದರೆ, ಆ ಇಪ್ಪತ್ತು ಜೊತೆ ಕೈಗಳಿಗೆ ಮೂಲೆಯ ಕಂಬದಲ್ಲಿ ಒಂದು ದೀಪ. ತಮ್ಮ ನೆರಳೇ ತಮ್ಮ ಕತ್ತಿಯ ಮೇಲೆ ಬೀಳುತ್ತದೆ. ಸುಲಿಯುವ ಯಂತ್ರವಿರುವ ಕಡೆ ಇನ್ನೊಂದು ಅಪಾಯವಿದೆ. ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತಿರುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಆದರೆ ತಿರುಗುವ ಅಲಗಿನ ವೇಗ ಆ ಮಿಣುಕಿಗೆ ಹೊಂದಿಕೊಂಡರೆ, ತಿರುಗುತ್ತಿರುವ ಅಲಗು ನಿಂತಂತೆ ಕಾಣಬಹುದು. ಅಲ್ಲಿಗೆ ಕೈ ಹೋದರೆ ಗತಿಯೇನು? ಮೊಬೈಲಿನ ಕ್ಯಾಮರಾ ಹಿಡಿದು ನೋಡಿದರೆ ಇಂತಹ ದೀಪದಲ್ಲಿ ಸಾಮಾನ್ಯವಾಗಿ ಪಟ್ಟೆ ಪಟ್ಟೆ ಓಡುವುದು ಕಾಣುತ್ತದೆ. ಅಂತಹುದನ್ನು ಯಂತ್ರದ ಬಳಿ ಹಾಕಕೂಡದು. ಚಲನೆ ಗ್ರಹಿಸುವ ಸ್ವಿಚ್ಚನ್ನೂ ಇಲ್ಲಿ ಹಾಕಕೂಡದು. ಕುಳಿತಲ್ಲಿಯೇ ಕುಳಿತು ಬೆರಳಷ್ಟೇ ಆಡಿಸುವವರನ್ನು ಅದು 'ಯಾರೂ ಇಲ್ಲ' ಎಂದು ಎಣಿಸಿ, ಕೈಯಲ್ಲಿ ಕತ್ತಿಯಿರುವಾಗಲೇ ದೀಪ ಆರಿಸಿಬಿಟ್ಟೀತು.

ಆದುದರಿಂದ ನಮ್ಮ ವಾದವಿಷ್ಟೆ: ಬೆಳಕಿನ ಹಣ ಖರ್ಚು ಮಾಡುವ ಸರದಿಯಲ್ಲಿ ಕಚೇರಿ ಮೊದಲಲ್ಲ. ಮೊದಲು ಸದಸ್ಯನ ಮಾಲು ತೂಗುವ ತಕ್ಕಡಿ. ಎರಡನೆಯದು ವಿಂಗಡಿಸುವ ಮೇಜು. ಮೂರನೆಯದು ಸುಲಿಯುವ ಷೆಡ್ಡು. ನಾಲ್ಕನೆಯದು ಗೋದಾಮಿನ ಬಾಗಿಲು. ಆಮೇಲೆ ಗುಮಾಸ್ತರ ಮೇಜು. ಕಟ್ಟಕಡೆಗೆ ಅಧ್ಯಕ್ಷರ ಮತ್ತು ನಮ್ಮ ಕೋಣೆ. ತೂಕದ ಅಂಕೆಯನ್ನು ರೈತ ತನ್ನ ಕಣ್ಣಿನಿಂದಲೇ ಓದುವಂತಿದ್ದರೆ ಸಂಘದ ಮೇಲಿನ ಅರ್ಧ ಸಂದೇಹ ತಾನಾಗಿಯೇ ಕಳೆಯುತ್ತದೆ. ಕತ್ತಲೆಯಲ್ಲಿ ತೂಗಿದ್ದು ಸರಿಯಿದ್ದರೂ ಸಂಶಯವೇ.

ಕೊಳ್ಳುವಾಗ ಇನ್ನೆರಡು ಎಚ್ಚರಿಕೆ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಸಾಲಾಗಿ ತಿರುಗುತ್ತ ವಿದ್ಯುತ್ತನ್ನು ದೂರದ ಊರುಗಳಿಗೆ ಕಳಿಸುತ್ತಿವೆ. ಆದರೆ ಅವುಗಳ ಬುಡದ ಹಳ್ಳಿಯಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ಎದ್ದಾಗ ವೋಲ್ಟೇಜು ಕುಸಿಯುತ್ತದೆ, ಅವು ನಿಂತಾಗ ಹಾರುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಂತೂ ಸರಿಯೆ. ಷೆಡ್ಡಿಗೆ ತಂದ ಆ ಎಂಟರಲ್ಲಿ ಮೂರು ದೀಪಗಳು ಒಂದೇ ಬೇಸಗೆಯಲ್ಲಿ ಸತ್ತವು. ಪೆಟ್ಟಿಗೆಯ ಮೇಲೆ 25,000 ಗಂಟೆ ಬಾಳಿಕೆ ಎಂದಿತ್ತು! ಹರಳು ಅಷ್ಟು ಬಾಳುತ್ತದೆ, ಸುಳ್ಳಲ್ಲ. ಸಾಯುವುದು ಅದಕ್ಕೆ ವಿದ್ಯುತ್ತು ಊಡಿಸುವ ಡ್ರೈವರ್ ಎಂಬ ಭಾಗ. ಕೊಟ್ಟೂರಿಗೆ ಸಮೀಪದ ಉಜ್ಜಿನಿಯ ದೇವಾಲಯವನ್ನು ಕುರಿತು ನಮ್ಮ ಕಡೆ ಒಂದು ಮಾತಿದೆ: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಎಲ್‌ಇಡಿ ದೀಪವನ್ನು ಉಜ್ಜಿನಿಯಂತೆ ನೋಡಬೇಕು. ವೋಲ್ಟೇಜು 100ಕ್ಕೆ ಇಳಿದರೂ 300ಕ್ಕೆ ಏರಿದರೂ ತಾಳುವ ಡ್ರೈವರ್, ಸಿಡಿಲಿನ ಹೊಡೆತದಿಂದ ರಕ್ಷಣೆ, ಎರಡು ವರ್ಷದ ಲಿಖಿತ ಭರವಸೆ, ಇವಿಲ್ಲದೆ ಬಿಲ್ಲಿಗೆ ಸಹಿ ಹಾಕಬಾರದು. ಇದು ಒಂದನೆಯ ಎಚ್ಚರಿಕೆ.

ಎರಡನೆಯದು, ಸಾಧ್ಯವಾದರೆ ಒಂಟಿಯಾಗಿ ಕೊಳ್ಳಬಾರದು. 310 ರೂಪಾಯಿಯ ಬಲ್ಬು 38ಕ್ಕೆ ಇಳಿದದ್ದು ಕೂಡಿ ಕೊಂಡದ್ದರಿಂದ ಎಂದು ಮೇಲೆ ಹೇಳಿದೆವು. ನಮ್ಮ ಐದು ತಾಲ್ಲೂಕುಗಳಲ್ಲಿ ಪ್ರಾಥಮಿಕ ಸಹಕಾರ ಸಂಘಗಳಿವೆ, ಹಾಲಿನ ಸಂಘಗಳಿವೆ, ಮಾರಾಟ ಸಂಘಗಳಿವೆ. ಪ್ರತಿಯೊಂದಕ್ಕೂ ಹತ್ತೋ ಇಪ್ಪತ್ತೋ ದೀಪ ಬೇಕು. ಒಬ್ಬೊಬ್ಬರೇ ಅಂಗಡಿಗೆ ಹೋದರೆ ಅಂಗಡಿಯವರು ಹೇಳಿದ್ದೇ ಬೆಲೆ, ಕೊಟ್ಟದ್ದೇ ಮಾಲು. ಐವತ್ತು ಸಂಘಗಳ ಬೇಡಿಕೆಯನ್ನು ಒಂದು ಪಟ್ಟಿ ಮಾಡಿ, 90 ಅಂಕದ ದೀಪ ಇಷ್ಟು, 80 ಅಂಕದ್ದು ಇಷ್ಟು, ಡ್ರೈವರಿನ ಗುಣ ಇಂತಹುದು ಎಂದು ಬರೆದು ದರಪಟ್ಟಿ ಕರೆದರೆ, ತಯಾರಕರೇ ಬಾಗಿಲಿಗೆ ಬರುತ್ತಾರೆ. ಹಡಗಲಿಯಿಂದ ಹೊಳೆ ದಾಟಿದರೆ ಗದಗ ಜಿಲ್ಲೆ. ಅಲ್ಲಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ನಾಡಿನ ಮೊದಲ ಕೃಷಿ ಸಹಕಾರ ಸಂಘವನ್ನು ಕಟ್ಟಿದ್ದು 1905ರಲ್ಲಿ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಯಲ್ಲಿ ಮೊದಲ ದೀಪಗಳು ಹೊತ್ತಿದ್ದೂ 1905ರ ಆಗಸ್ಟಿನಲ್ಲಿಯೆ. ಒಂದೇ ವರ್ಷದಲ್ಲಿ ನಾಡಿಗೆ ಎರಡು ಬೆಳಕು ಬಂದವು. ಕಣಗಿನಹಾಳದ ಬೆಳಕನ್ನು ಮರೆತು ಇನ್ನೊಂದನ್ನು ಮಾತ್ರ ಹಿಡಿದುಕೊಂಡರೆ ಬಣ್ಣದ ಪುಸ್ತಕದವರಿಗೆ ನಾವು ಸುಲಭದ ಗಿರಾಕಿಗಳಾಗುತ್ತೇವೆ.

ಈ ಎಲ್ಲವನ್ನು ಸಂಗ್ರಹಿಸಿ, ಮುಂದಿನ ಸಭೆಯ ಮುಂದೆ ನಾವು ಇಡಲಿರುವ ಸೂಚನೆಗಳಿವು: ತಕ್ಕಡಿ, ವಿಂಗಡಣೆ ಮೇಜು, ಸುಲಿಯುವ ಷೆಡ್ಡುಗಳಿಗೆ ಈ ಸುಗ್ಗಿಗೆ ಮೊದಲೇ ಉತ್ತಮ ದರ್ಜೆಯ, ಮಿಣುಕದ ದೀಪ. ಕಚೇರಿಯ 40 ಟ್ಯೂಬುಗಳಿಗೆ ಬದಲಾಗಿ ಎಲ್‌ಇಡಿ ಪಟ್ಟಿ, ಸಾಲಿಗೊಂದು ಸ್ವಿಚ್ಚು. ಐದಾರು ಕಡೆ ಮಾತ್ರ ಸಾದಾ ಸಂವೇದಕ. ಮೊದಲ ವರ್ಷದ ಉಳಿತಾಯವನ್ನು ಬೇರೆ ಖಾತೆಗೆ ಹಾಕಿ ಅದರಿಂದ ಫ್ಯಾನು ಬದಲಾವಣೆಗೆ ಆರಂಭ. ಒಂದೂವರೆ ಲಕ್ಷದ ನಿಯಂತ್ರಣ ವ್ಯವಸ್ಥೆ ಬೇಡ. ಪ್ರತಿ ತಿಂಗಳ ವಿದ್ಯುತ್ ಬಿಲ್ಲನ್ನು ಸೂಚನಾ ಫಲಕದಲ್ಲಿ ಹಾಕುವುದು. ಉಳಿಯಿತೋ ಇಲ್ಲವೋ ಸದಸ್ಯರೇ ಓದಿಕೊಳ್ಳಲಿ.

ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿರಿ. ನಿಮ್ಮ ಸಂಘದಲ್ಲಿ ಇಂತಹ ವ್ಯವಸ್ಥೆ ಹಾಕಿಸಿ ಲಾಭ ಕಂಡಿದ್ದರೆ, ಎರಡು ವರ್ಷದ ಬಿಲ್ಲುಗಳ ಸಹಿತ ಈ ಪತ್ರಿಕೆಗೆ ಬರೆಯಿರಿ; ನಾವು ಸಂತೋಷದಿಂದ ಅಭಿಪ್ರಾಯ ಬದಲಿಸುತ್ತೇವೆ. ಆದರೆ ಸರದಿಯ ವಿಷಯದಲ್ಲಿ ಮಾತ್ರ ನಮ್ಮ ಅಭಿಪ್ರಾಯ ಬದಲಾಗದು. ಈ ಸಲ ಆ ಎರಡೆಕರೆಯ ಸದಸ್ಯರು ಅಡಿಕೆ ತಂದಾಗ, ಇರುಳಿನಲ್ಲಿ ಮೇಜಿನ ಮೇಲೆ ಕಂಡ ಬಣ್ಣವೇ ಮರುದಿನ ಮಾರುಕಟ್ಟೆಯ ಬಿಸಿಲಿನಲ್ಲಿಯೂ ಕಾಣಬೇಕು. ನಮ್ಮ ಕೋಣೆಯ ಟ್ಯೂಬು ಅಲ್ಲಿಯವರೆಗೆ ಮಿಣುಕುತ್ತಲೇ ಇರಲಿ, ಚಿಂತೆಯಿಲ್ಲ.